ಊರ ಉಸಾಬರಿ

ತಮ್ಮಾ,

ಹೋದ ಸಲ ಸಿಕ್ಕಾಗ ನೀನಾಡಿದ ಮಾತು ಈ ಮುದುಕನ ತಲೆಯಿಂದ ಇಳಿದಿಲ್ಲ. "ನಮ್ಮೂರಾಗ ಏನೂ ಆಗೂದಿಲ್ಲರಿ ಕಾಕಾ, ನಾ ಒಬ್ಬ ಏನ್ ಮಾಡ್ಲಿ?" ಅಂದೆ. ಹಾನಗಲ್ಲಿಗೆ ಹೋಗು, ಶಿಗ್ಗಾಂವಿಗೆ ಹೋಗು, ಸವಣೂರು, ಹಿರೇಕೆರೂರು ಎಲ್ಲಿಗೇ ಹೋಗು, ಚಹದಂಗಡಿಯ ಬೆಂಚಿನ ಮೇಲೆ ಈ ಮಾತು ನಿನಗಿಂತ ಮೊದಲೇ ಬಂದು ಕೂತಿರುತ್ತದೆ. ಅದರ ಪಕ್ಕದಲ್ಲಿ ಅದರ ಅಣ್ಣನಂಥ ಇನ್ನೊಂದು ಮಾತು: "ಊರ ಉಸಾಬರಿ ನಮಗ್ಯಾಕ?" ಮೊದಲನೆಯದು ಹರೆಯದವರದು, ಎರಡನೆಯದು ವಯಸ್ಸಾದವರದು. ಮೊದಲನೆಯದನ್ನು ಹತ್ತು ವರ್ಷ ಆಡುತ್ತ ಹೋದರೆ ಎರಡನೆಯದು ತಾನಾಗಿ ಬಾಯಿಗೆ ಬರುತ್ತದೆ. ಅದಕ್ಕೇ ಈ ಪತ್ರ.

ಕುಸನೂರು ನಿನಗೆ ಗೊತ್ತು, ಹಾನಗಲ್ ತಾಲೂಕಿನ ಊರು. 1987ರ ನವೆಂಬರ್ 14ರಂದು ಅಲ್ಲಿ ನಡೆದದ್ದು ಗೊತ್ತಿದೆಯೋ ಇಲ್ಲವೋ. ಶಾಲೆಯ ಪುಸ್ತಕದಲ್ಲಿ ಚಿಪ್ಕೊ ಇರುತ್ತದೆ, ಶಿರಸಿ ಸೀಮೆಯ ಅಪ್ಪಿಕೊ ಇರುತ್ತದೆ. ಕುಸನೂರಿನ ಚಳವಳಿಗೂ ಅಂಥದೇ ಚೆಂದದ ಹೆಸರಿತ್ತು: ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ. ಹೊರಗಿನವರು ಅದರ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು. ಬಸ್ಸಿನಲ್ಲಿ ಅದೇ ಊರು ದಾಟಿ ಓಡಾಡುವ ನಮ್ಮ ಹುಡುಗರಿಗೆ ಹೇಳುವವರು ಕಡಿಮೆ.

ಕಥೆ ಶುರುವಾಗುವುದು 1984ರಲ್ಲಿ. ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ಸರ್ಕಾರದ ಪಾಲು ನೂರಕ್ಕೆ 51, ಕಾರ್ಖಾನೆಯದು 49. ನೀಲಗಿರಿ ಬೆಳೆಸಿ ಕಾರ್ಖಾನೆಗೆ ಕೊಡುವುದು ಅದರ ದಂಧೆ; ಕಾರ್ಖಾನೆ ಅದನ್ನು ತಿರುಳು ಮಾಡಿ ರೇಯಾನ್ ಬಟ್ಟೆಗೆ ಕಳಿಸುತ್ತಿತ್ತು. ಅದಕ್ಕೆಂದು ಧಾರವಾಡ ಜಿಲ್ಲೆ ಸೇರಿದಂತೆ ಹಲವೆಡೆ ಒಟ್ಟು ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆ ಭೂಮಿ ಕೊಡುವುದೆಂದು ತೀರ್ಮಾನವಾಯಿತು. (ಆಗ ಹಾವೇರಿ ಜಿಲ್ಲೆ ಇರಲಿಲ್ಲ, ಅದಾದದ್ದು 1997ರಲ್ಲಿ.) ಸರ್ಕಾರದ ಕಾಗದದಲ್ಲಿ ಅದು ಸಿ ಮತ್ತು ಡಿ ದರ್ಜೆಯ ಭೂಮಿ. ಹೆಸರು ಕೇಳಿದರೆ ಪರೀಕ್ಷೆಯಲ್ಲಿ ನಪಾಸಾದ ಭೂಮಿ ಅನ್ನಿಸಬೇಕು. ಊರವರಿಗೆ ಅದು ಗುಡ್ಡ. ಎಮ್ಮೆ ಮೇಯುವುದು ಅಲ್ಲಿ, ಒಲೆಗೆ ಪುಳ್ಳೆ ಬರುವುದು ಅಲ್ಲಿಂದ, ಎರಡೆಕರೆ ಹೊಲ ಇಲ್ಲದವನ ಕುರಿ ಬದುಕುವುದು ಅದರ ಮೇಲೆ. ನೀಲಗಿರಿ ಎಲೆಯನ್ನು ದನ ಮೂಸಿಯೂ ನೋಡುವುದಿಲ್ಲ.

ಇಂಥ ಭೂಮಿಗೆ ಒಂದು ವಿಚಿತ್ರ ಗುಣವಿದೆ. ಎಲ್ಲರದೂ ಹೌದು, ಹಾಗಾಗಿ ಯಾರದೂ ಅಲ್ಲ. ಸ್ವಂತ ಹೊಲದ ಬದುವನ್ನು ಒಂದು ಗೇಣು ಒತ್ತಿದರೆ ಕೊಡಲಿ ಹಿಡಿದು ನಿಲ್ಲುವ ಮನುಷ್ಯ, ಊರ ಗುಡ್ಡ ಪೂರ್ತಿ ಹೋದರೂ ಎಲೆಯಡಿಕೆ ಜಗಿಯುತ್ತ ಕೂತಿರಬಲ್ಲ. ಕುಸನೂರಿನವರಲ್ಲೂ ಮೊದಮೊದಲು ಹಾಗೆ ಕೂತವರು ಇದ್ದಿರಲೇಬೇಕು. ಅವರೇನು ಬೇರೆ ಮಣ್ಣಿನವರಲ್ಲ.

ಹಾಗೆ ಕೂರಲಾರದವರೂ ಇದ್ದರು. ಎಸ್. ಆರ್. ಹಿರೇಮಠ ಅಮೆರಿಕದ ನೌಕರಿ ಬಿಟ್ಟು ಬಂದವರು. ಅವರು ಮತ್ತು ಗೆಳೆಯರು ಕಟ್ಟಿದ ಸಮಾಜ ಪರಿವರ್ತನ ಸಮುದಾಯ ಅದಾಗಲೇ ಇದೇ ಕಾರ್ಖಾನೆ ತುಂಗಭದ್ರೆಗೆ ಬಿಡುತ್ತಿದ್ದ ಕೊಳೆನೀರಿನ ವಿರುದ್ಧ ಹೊಳೆದಂಡೆಯ ಜನರ ಜೊತೆ ನಿಂತಿತ್ತು. 1986ರ ಡಿಸೆಂಬರಿನಲ್ಲಿ ಅವರು ಊರ ಭೂಮಿಯನ್ನು ಕಂಪನಿಗೆ ಕೊಡುವುದರ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅರ್ಜಿದಾರರಲ್ಲಿ ಮೊದಲ ಹೆಸರು ಶಿವರಾಮ ಕಾರಂತರದು. ಆಗ ಅವರಿಗೆ 84 ವರ್ಷ. ಜ್ಞಾನಪೀಠ ಪಡೆದು ಆಗಿತ್ತು, ಮನೆಯಲ್ಲಿ ಕೂತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹಾನಗಲ್ಲಿನ ಗುಡ್ಡದ ಎಮ್ಮೆಗೂ ಕರಾವಳಿಯ ಕಾರಂತರಿಗೂ ಏನು ಸಂಬಂಧ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಊರ ಉಸಾಬರಿ ಅಂದರೆ ಅದೇ.

1987ರ ಮಾರ್ಚಿನಲ್ಲಿ ತಡೆಯಾಜ್ಞೆ ಬಂತು: ಇನ್ನು ಮುಂದೆ ಕಂಪನಿಗೆ ಭೂಮಿ ಕೊಡಕೂಡದು. ಇಲ್ಲಿ ಕಥೆ ನಿಲ್ಲಬಹುದಿತ್ತು. ಕೋರ್ಟು ನೋಡಿಕೊಳ್ಳುತ್ತದೆ ಎಂದು ಎಲ್ಲರೂ ಮನೆಗೆ ಹೋಗಬಹುದಿತ್ತು. ಆದರೆ ಕುಸನೂರಿನ ಸುಮಾರು 400 ಹೆಕ್ಟೇರ್ ಅಷ್ಟರಲ್ಲೇ ಕಂಪನಿಯ ಕೈ ಸೇರಿತ್ತು. ಕೊಟ್ಟಾಗಿದ್ದಕ್ಕೆ ತಡೆಯಾಜ್ಞೆಯ ಕೈ ತಲುಪುತ್ತಿರಲಿಲ್ಲ.

ನೀನು ಗಮನಿಸಬೇಕಾದದ್ದು ಮುಂದಿನ ಆರು ತಿಂಗಳು. ಮೇ ತಿಂಗಳಲ್ಲಿ ಕುಸನೂರಿನಲ್ಲೇ ಶಿಬಿರ ನಡೆಯಿತು, ಅಹಿಂಸೆಯ ತರಬೇತಿ. ಪೊಲೀಸರು ಬಂದರೆ ಏನು ಮಾಡಬೇಕು, ಏನು ಮಾಡಬಾರದು, ಸಿಟ್ಟು ಬಂದರೆ ಕೈ ಎಲ್ಲಿಟ್ಟುಕೊಳ್ಳಬೇಕು ಎಂಬುದು ತರಬೇತಿ ಇಲ್ಲದೆ ಬರುವುದಿಲ್ಲ. ಊರವರದೇ ಗುಡ್ಡನಾಡು ಅಭಿವೃದ್ಧಿ ಸಮಿತಿ ಹುಟ್ಟಿತು. ಸುತ್ತಲ ಹಳ್ಳಿಗಳಲ್ಲಿ ಸಭೆ ಮೇಲೆ ಸಭೆ. ಅದು ಮುಂಗಾರಿನ ಹೊತ್ತು. ಬಿತ್ತನೆ, ಎಡೆ, ಕಳೆ ಎಂದು ರೈತನಿಗೆ ಉಸಿರಾಡಲು ಪುರುಸೊತ್ತಿಲ್ಲದ ಕಾಲ. ಟೈಮ್ ಇಲ್ಲ ಎಂಬ ನೆಪ ಅವರಿಗೆ ನಿನಗಿಂತ ಗಟ್ಟಿಯಾಗಿತ್ತು.

ನವೆಂಬರ್ 14ರಂದು ಸುಮಾರು 2,000 ಮಂದಿ ಸೇರಿದರು. ಹೆಣ್ಣುಮಕ್ಕಳು, ಹುಡುಗರು ಎಲ್ಲರೂ ಇದ್ದರು. ಅಹಿಂಸೆಯ ಪ್ರತಿಜ್ಞೆ ತೊಟ್ಟರು. ವಾದ್ಯದವರನ್ನು ಮುಂದೆ ಬಿಟ್ಟುಕೊಂಡು ಗುಡ್ಡಕ್ಕೆ ನಡೆದರು. ಪೊಲೀಸರು ಹಿಡಿಯುವಷ್ಟರಲ್ಲಿ ಸುಮಾರು ನೂರು ನೀಲಗಿರಿ ಸಸಿ ಕಿತ್ತಿದ್ದರು, ಅದೇ ಜಾಗದಲ್ಲಿ ಹಣ್ಣಿಗೂ ಮೇವಿಗೂ ಬರುವ ಗಿಡ ಹಚ್ಚಿದ್ದರು.

ನಾನೂರು ಹೆಕ್ಟೇರಿನಲ್ಲಿ ನೂರು ಸಸಿ! ಲೆಕ್ಕ ಹಾಕಿದರೆ ನಗು ಬರಬೇಕು. ಅಂದು ಸಂಜೆ ಚಹದಂಗಡಿಯ ಬೆಂಚಿನವರು ನಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ 1991ರ ಅಕ್ಟೋಬರಿನಲ್ಲಿ ಸರ್ಕಾರ ಆ ಕಂಪನಿಯ ಬಾಗಿಲು ಹಾಕಿತು. ಹುಟ್ಟಿನಿಂದ ಮುಚ್ಚುವವರೆಗೆ ಏಳು ವರ್ಷ. ಇನ್ನೊಂದು ಮಾತನ್ನೂ ಸೇರಿಸಿಬಿಡಬೇಕು: ಕುಸನೂರಿನವರು ಕಿತ್ತ ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು ರಾಜ್ಯ ಸರ್ಕಾರವೇ ನಿಷೇಧ ಹಾಕಿದ್ದು 2017ರಲ್ಲಿ. ಬೆಂಗಳೂರಿಗೆ ಮೂವತ್ತು ವರ್ಷ ಬೇಕಾಯಿತು.

ಚಳವಳಿಯ ಹೆಸರನ್ನು ಮತ್ತೊಮ್ಮೆ ನೋಡು. ಕಿತ್ತಿಕೊ ಎಂಬಲ್ಲಿಗೇ ಅವರು ನಿಲ್ಲಿಸಬಹುದಿತ್ತು. ಘೋಷಣೆಗೆ ಅಷ್ಟೇ ಸಾಕಿತ್ತು. ಕೀಳುವುದು ನಮ್ಮ ಕಾಲದಲ್ಲಿ ಎಲ್ಲಕ್ಕಿಂತ ಸುಲಭ. ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ಕೀಳಬಹುದು, ಪಂಚಾಯಿತಿಯಿಂದ ಪಾರ್ಲಿಮೆಂಟಿನವರೆಗೆ ಯಾರನ್ನು ಬೇಕಾದರೂ. ಹಚ್ಚಿದವನಿಗೆ ಮಾತ್ರ ಮರುದಿನ ಕೆಲಸವಿರುತ್ತದೆ: ನೀರು ಹಾಕಬೇಕು, ಮುಳ್ಳಿನ ಬೇಲಿ ಕಟ್ಟಬೇಕು, ಪಕ್ಕದ ಮನೆಯ ಆಡು ಓಡಿಸಬೇಕು, ಆ ಮನೆಯವರ ಜೊತೆ ಜಗಳವನ್ನೂ ತಡೆದುಕೊಳ್ಳಬೇಕು.

ಇನ್ನು ಸವಣೂರು. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಮಠದ ಆವರಣದ ದೊಡ್ಡಹುಣಸೆ ಮರಗಳನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಖಾರ, ವೀಳ್ಯದೆಲೆ ಕಟ್ಟಿಸಿಕೊಂಡು ಹೋಗುತ್ತಾರೆ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ ಊರೆಂಬ ಹೆಮ್ಮೆಯೂ ಇದೆ. 2010ರ ಜುಲೈನಲ್ಲಿ ಅದೇ ಊರಿನ ಪುರಸಭೆ ಕಚೇರಿಯ ಮುಂದೆ ಭಂಗಿ ಸಮುದಾಯದ ಕೆಲವರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಊರಿನ ಹೊಲಸನ್ನು ತಲೆಯ ಮೇಲೆ ಹೊತ್ತ ಕುಟುಂಬಗಳವು. ಇದ್ದ ಜಾಗದಿಂದ ಅವರನ್ನು ಎಬ್ಬಿಸುವ ಮಾತು ಬಂದಿತ್ತು. ಮನವಿಗಳಿಗೆ ಕಿವಿ ಸಿಕ್ಕಿರಲಿಲ್ಲ.

ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲೇ, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, ಈ ರಾಜ್ಯ ನಿಲ್ಲಿಸಿದೆವು ಎಂದು ಹೇಳಿಕೊಂಡಿತ್ತು. ದೇಶದ ಕಾನೂನು ಬಂದದ್ದು 1993ರಲ್ಲಿ. ಕಾನೂನಿಗೆ ಹದಿನೇಳು ವರ್ಷವಾದಾಗ ಸವಣೂರಿನ ಆ ಮಂದಿ ತಮ್ಮ ಮೈಯನ್ನೇ ಅರ್ಜಿಯ ಕಾಗದ ಮಾಡಬೇಕಾಯಿತು. ಆಮೇಲೆ ಪತ್ರಿಕೆಯವರು ಬಂದರು, ಅಧಿಕಾರಿಗಳು ಬಂದರು, ನಾಡೆಲ್ಲ ಸುದ್ದಿಯಾಯಿತು. 2013ರಲ್ಲಿ ಪಾರ್ಲಿಮೆಂಟು ಇನ್ನೂ ಬಿಗಿಯಾದ ಹೊಸ ಕಾನೂನು ಮಾಡಿತು.

ಈ ಪ್ರಸಂಗದಲ್ಲಿ ಆ ಕುಟುಂಬಗಳಿಗೆ ಜವಾಬ್ದಾರಿಯ ಪಾಠ ಹೇಳುವವನು ಮೂರ್ಖ. ಪ್ರಶ್ನೆ ಇರುವುದು ಉಳಿದವರಿಗೆ. ದಿನಾ ಆ ಓಣಿಯ ಮುಂದೆ ಹಾದುಹೋದವರು, ವಕೀಲರು, ಮಾಸ್ತರರು, ಅಂಗಡಿಕಾರರು, ಈ ಪತ್ರ ಬರೆಯುತ್ತಿರುವವನಂಥ ಓದು ಬಲ್ಲ ಮುದುಕರು, ಎಲ್ಲರಿಗೂ ಗೊತ್ತಿತ್ತು. ಯಾರೂ ಕೆಟ್ಟವರಲ್ಲ. ಎಲ್ಲರೂ ಊರ ಉಸಾಬರಿ ಬೇಡ ಅಂದವರು, ಅಷ್ಟೇ. ಒಬ್ಬ ಪದವೀಧರ ಒಂದು ಮಧ್ಯಾಹ್ನ ಕೂತು ಅವರ ಪರವಾಗಿ ಒಂದು ಅರ್ಜಿ ಬರೆದು, ಅದರ ಬೆನ್ನು ಹತ್ತಿದ್ದರೆ ಆ ಜುಲೈ ಬರುತ್ತಿರಲಿಲ್ಲ ಎಂದು ಖಂಡಿತವಾಗಿ ಹೇಳಲಾಗದು. ಬರದೆ ಇರಬಹುದಿತ್ತು.

ಅದೇ 2010ರ ಸೆಪ್ಟೆಂಬರ್ 17ರಂದು ಗದಗಿನಲ್ಲಿ ಪುಟ್ಟರಾಜ ಗವಾಯಿಗಳು ತೀರಿಕೊಂಡರು. ಈ ಸೀಮೆಗೆ ಸೀಮೆಯೇ ಅತ್ತಿತು. ಅವರು ಹಾನಗಲ್ ತಾಲೂಕಿನ ಮಗ. ಅವರ ಗುರು ಪಂಚಾಕ್ಷರಿ ಗವಾಯಿಗಳೂ ಅದೇ ತಾಲೂಕಿನ ಕಾಡಶೆಟ್ಟಿಹಳ್ಳಿಯವರು, 1892ರಲ್ಲಿ ಹುಟ್ಟಿದವರು. ಪಂಚಾಕ್ಷರಿಗಳಿಗೂ ಅವರ ಅಣ್ಣನಿಗೂ ಕಣ್ಣಿರಲಿಲ್ಲ. ಆ ಕಾಲದ ಬಡ ಮನೆಯಲ್ಲಿ ಕುರುಡು ಹುಡುಗರ ಮುಂದೆ ಇದ್ದದ್ದು ಭಿಕ್ಷೆಯ ದಾರಿ. ಹಾನಗಲ್ಲಿನ ಕುಮಾರ ಸ್ವಾಮಿಗಳು ಅವರನ್ನು ನೋಡಿದರು. ನೋಡಿದವರು ಎಷ್ಟೋ ಮಂದಿ ಇದ್ದರು. ಅಯ್ಯೋ ಪಾಪ ಅಂದವರೂ ಇದ್ದರು. ಸ್ವಾಮಿಗಳು ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಕಲಿತ ಪಂಚಾಕ್ಷರಿಗಳು ತಮ್ಮಂಥ ಹುಡುಗರನ್ನೇ ಹುಡುಕಿ ಕೂಡಿಸಿಕೊಂಡು, ಊರಿಂದೂರಿಗೆ ಅಲೆಯುತ್ತ ಪಾಠ ಹೇಳಿ, ಕೊನೆಗೆ ಗದಗಿನಲ್ಲಿ ನೆಲೆ ನಿಂತರು. ಅವರ ಮಡಿಲಿಗೆ ಬಂದ ಕಣ್ಣಿಲ್ಲದ ಮಗುವೇ ಪುಟ್ಟರಾಜರು. 1944ರಲ್ಲಿ ಗುರು ತೀರಿಕೊಂಡ ಮೇಲೆ ಅಲ್ಲಿನ ವೀರೇಶ್ವರ ಪುಣ್ಯಾಶ್ರಮವನ್ನು ಶಿಷ್ಯ ಆರು ದಶಕಕ್ಕೂ ಮಿಕ್ಕಿ ನಡೆಸಿದರು. ಒಬ್ಬ ಸ್ವಾಮಿಯ ಉಸಾಬರಿ ನೂರು ವರ್ಷದ ಅನ್ನ ಮತ್ತು ಹಾಡಾಗಿ ಹೋಯಿತು.

ನೀನು ಕೇಳಬಹುದು, ಅವರು ಮಠಾಧೀಶರು, ಅವರ ಮಾತಿಗೆ ಬೆಲೆಯಿತ್ತು ಎಂದು. ಸರಿ. ಕಳಸದ ಗೋವಿಂದ ಭಟ್ಟರಿಗೆ ಏನಿತ್ತು? ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಷರೀಫರನ್ನು, ಮುಸಲ್ಮಾನರ ಮನೆಯ ಹುಡುಗನನ್ನು, ಆ ಬ್ರಾಹ್ಮಣ ಶಿಷ್ಯನೆಂದು ಪಕ್ಕದಲ್ಲಿ ಕೂರಿಸಿಕೊಂಡಾಗ ಊರು ಅಂದದ್ದನ್ನೆಲ್ಲ ಅವರು ಕೇಳಿಸಿಕೊಂಡರು. ಷರೀಫರ ಕಾಲ 1819ರಿಂದ 1889. ಇಂದಿಗೂ ನಮ್ಮಲ್ಲಿ ಎಷ್ಟೋ ಕೆಲಸ ನಿಲ್ಲುವುದು ದುಡ್ಡಿಲ್ಲದೆ ಅಲ್ಲ, "ನಾಕು ಮಂದಿ ಏನಂದಾರು" ಎಂಬ ಅಂಜಿಕೆಯಿಂದ. ಆ ನಾಕು ಮಂದಿಯ ಹೆಸರು ಯಾರಿಗೂ ನೆನಪಿಲ್ಲ.

ಹಿರೇಕೆರೂರಿನ ಹೆಸರಿನಲ್ಲೇ ಕೆರೆಯಿದೆ. ಮದಗದ ಕೆರೆಯ ಹಾಡಿಗೆ ಶಾಲೆಯ ವಾರ್ಷಿಕೋತ್ಸವದಲ್ಲಿ ನೀನೂ ಕುಣಿದಿರಬೇಕು; ಆ ಸೀಮೆಯ ಮಾಸೂರಿನಲ್ಲೂ ಒಂದು ಮದಗದ ಕೆರೆಯಿದೆ. ಎರಡು ಗುಡ್ಡದ ನಡುವೆ ಏರಿ ಕಟ್ಟಿ ಕುಮುದ್ವತಿಯನ್ನು ನಿಲ್ಲಿಸಿದ ಕೆರೆ ಅದು. ನಾನು ಮೊದಲು ಹೇಳಿದ ನಾಲ್ಕೂ ತಾಲೂಕುಗಳಲ್ಲಿ ಕೆರೆಯಿಲ್ಲದ ಊರು ಹುಡುಕಿದರೆ ಸಿಗಬೇಕು. ಹಾಡು ಉಳಿದಷ್ಟು ಕೆರೆಗಳು ಉಳಿದಿಲ್ಲ. ಹೂಳು, ಒತ್ತುವರಿ, ಗಟಾರದ ನೀರು, ಬೈಯಲು ಸರ್ಕಾರವಿದೆ. ಆದರೆ ಕೆರೆಯಂಗಳಕ್ಕೆ ಬೇಲಿ ಸರಿಸಿದವನು ಬೆಂಗಳೂರಿನಿಂದ ಬಂದವನಲ್ಲ, ನಮ್ಮ ಮನೆಗೇ ಮದುವೆ ಪತ್ರಿಕೆ ಕೊಡಲು ಬರುವವನು. ಅದಕ್ಕೇ ಯಾರೂ ಬಾಯಿ ಬಿಡುವುದಿಲ್ಲ. ಕಂಪನಿಯ ವಿರುದ್ಧ ನಿಲ್ಲುವುದಕ್ಕಿಂತ ಬೀಗರ ವಿರುದ್ಧ ನಿಲ್ಲುವುದು ಕಷ್ಟ. ಇದನ್ನು ನಿನ್ನಿಂದ ಮುಚ್ಚಿಡಲಾರೆ.

ಕುಸನೂರಿನವರ ಕೈಯಲ್ಲಿ ಇಲ್ಲದಿದ್ದ ಕೆಲವು ಸಾಮಾನು ನಿನ್ನ ಕೈಯಲ್ಲಿವೆ. 2005ರ ಮಾಹಿತಿ ಹಕ್ಕು ಕಾಯ್ದೆಯಿದೆ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ನಿಮ್ಮೂರ ಕೆರೆಯ ಸರ್ವೆ ನಕ್ಷೆ, ರಸ್ತೆಯ ಬಿಲ್ಲು, ಯಾವುದನ್ನು ಬೇಕಾದರೂ ಕೇಳಬಹುದು. ಸರ್ಕಾರದ 'ಸಕಾಲ' ಯೋಜನೆಯಲ್ಲಿ ಅರ್ಜಿ ಹಾಕಿದರೆ ನಂಬರು ಕೊಡುತ್ತಾರೆ, ದಿನದ ಗಡುವಿರುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆ ನಡೆಯಲೇಬೇಕು. ಯಾವ ಕೆಲಸ ಮೊದಲು, ಮನೆ ಯಾರಿಗೆ ಎಂದು ಕೇಳಲು ಮತದಾರನಾದ ನಿನಗೆ ಅಲ್ಲಿ ಜಾಗವಿದೆ. ಖಾಲಿ ಕುರ್ಚಿಯ ಮುಂದೆ ಅರ್ಧ ಗಂಟೆಯಲ್ಲಿ ಸಭೆ ಮುಗಿದು, ಆಮೇಲೆ ಪುಸ್ತಕಕ್ಕೆ ಮನೆಮನೆಯಿಂದ ಸಹಿ ಬಂದರೆ, ಆ ಸಹಿ ಹಾಕಿದ ಕೈ ನಮ್ಮದೇ.

ಎಚ್ಚರಿಕೆಯ ಎರಡು ಮಾತು. ಒಬ್ಬನೇ ಹೋಗಬೇಡ, ಮೂರು ಮಂದಿಯಾದರೂ ಹೋಗಿ. ಒಬ್ಬನನ್ನು ತಲೆಕೆಟ್ಟವ ಅನ್ನುತ್ತಾರೆ, ಮೂವರಿಗೆ ಕುರ್ಚಿ ಹಾಕುತ್ತಾರೆ. ಎಲ್ಲ ತಪ್ಪನ್ನೂ ಒಂದೇ ದಿನ ಹಿಡಿಯಬೇಡ. ಒಂದು ಕೆರೆ, ಒಂದು ಗಟಾರ, ಒಂದು ಅಂಗನವಾಡಿ ಆರಿಸಿಕೊ. ಏಳು ವರ್ಷ ಹಿಡಿದೀತು ಎಂದು ಮನಸ್ಸಿನಲ್ಲಿಟ್ಟುಕೊ.

ಮುಂದಿನ ಗ್ರಾಮಸಭೆಯ ತಾರೀಖು ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಹಚ್ಚಿರುತ್ತಾರೆ. ಹಚ್ಚಿರದಿದ್ದರೆ ಯಾಕೆ ಹಚ್ಚಿಲ್ಲ ಎಂದು ಕೇಳುವುದರಿಂದಲೇ ಶುರು ಮಾಡು. ಏನಾಯಿತೆಂದು ನನಗೊಂದು ಕಾರ್ಡು ಬರಿ.

ನಿನ್ನ ಕಾಕಾ