ತೋಳಿನ ನರದ ಆಪರೇಷನ್ ಆಯಿತು, ಮುಂದೇನು?

ಗೋವಾದಲ್ಲಿ ಮಳೆ ಹಿಡಿಯಿತೆಂದರೆ ರಸ್ತೆಯೂ ಜಾರುತ್ತದೆ, ತೆಂಗಿನ ಮರವೂ ಜಾರುತ್ತದೆ. ಸ್ಕೂಟರಿನಿಂದಲೋ ಮರದಿಂದಲೋ ಭುಜದ ಮೇಲೆ ಬಿದ್ದ ಕೆಲವರಿಗೆ ಎಲುಬು ಮುರಿಯದಿದ್ದರೂ ಕೈ ಮೇಲೇಳುವುದಿಲ್ಲ. ಕುತ್ತಿಗೆಯಿಂದ ತೋಳಿಗೆ ಇಳಿಯುವ ಐದು ನರಬೇರುಗಳು ಎಳೆತಕ್ಕೆ ಸಿಕ್ಕಿ ಹರಿಯುವುದೇ ಇದಕ್ಕೆ ಕಾರಣ. ಈ ನರಗಳ ಹೆಣಿಗೆಗೆ ವೈದ್ಯರು 'ಬ್ರೇಕಿಯಲ್ ಪ್ಲೆಕ್ಸಸ್' ಎನ್ನುತ್ತಾರೆ.

ಇಂಥವರು ಎಣ್ಣೆ ತಿಕ್ಕಿಸಿಕೊಂಡು ಕಾಯುತ್ತ ಕೂರದೆ, ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಬೇಗ ತೋರಿಸಬೇಕು. ತಾನಾಗಿ ಚೇತರಿಸದ ನರಕ್ಕೆ ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ಆಪರೇಷನ್ ಮಾಡುತ್ತಾರೆ. ಆದರೆ ಹೊಲಿಗೆ ಬಿಚ್ಚಿದ ದಿನವೂ ಕೈ ಹಾಗೆಯೇ ಇರುತ್ತದೆ. ಮೂರು ತಿಂಗಳಾದರೂ ಹಾಗೆಯೇ ಇರಬಹುದು. ಆಗ 'ಆಪರೇಷನ್ ಕೆಟ್ಟಿತು' ಎಂದು ವ್ಯಾಯಾಮ ಬಿಡುವವರಿದ್ದಾರೆ. ಕೈ ನಿಜವಾಗಿ ಕೆಡುವುದು ಆಗಲೇ.

ನರ ಬೆಳೆಯುವ ಬಗೆ

ಗೇರು ಕಸಿ ಕಟ್ಟಿದ ಮರುದಿನವೇ ನಾವು ಚಿಗುರು ಹುಡುಕುತ್ತೇವೆಯೇ? ನರವೂ ಹಾಗೆಯೇ. ಜೋಡಿಸಿದ ಜಾಗದಿಂದ ಹೊಸ ಎಳೆಗಳು ದಿನಕ್ಕೆ ಸುಮಾರು 1 ಮಿಲಿಮೀಟರ್, ಅಂದರೆ ತಿಂಗಳಿಗೆ ಒಂದು ಅಂಗುಲದಷ್ಟು ಮಾತ್ರ ಬೆಳೆಯುತ್ತವೆ. 25 ಸೆಂಟಿಮೀಟರ್ ದೂರದ ಸ್ನಾಯುವನ್ನು ಮುಟ್ಟಲು ಎಂಟು ತಿಂಗಳಿಗೂ ಹೆಚ್ಚು ಬೇಕು. ಇತ್ತ ನರವಿಲ್ಲದ ಸ್ನಾಯು ಸೊರಗುತ್ತಾ ಹೋಗುತ್ತದೆ. ಒಂದು, ಒಂದೂವರೆ ವರ್ಷ ಕಳೆದರೆ ಅದನ್ನು ಎಬ್ಬಿಸುವುದು ಕಷ್ಟ. ಆದುದರಿಂದಲೇ ಹತ್ತಿರದ ಒಳ್ಳೆಯ ನರದ ಒಂದು ಪಾಲನ್ನು ತಂದು ಜೋಡಿಸುವ ಕ್ರಮವೂ ಇದೆ. ಅಂಗೈಗೆ ಹೋಗುವ ನರದ ಕೆಲವು ಎಳೆಗಳನ್ನು ಮೊಣಕೈ ಮಡಿಸುವ ಸ್ನಾಯುವಿನ ನರಕ್ಕೆ ಸೇರಿಸುವ ವಿಧಾನವನ್ನು ಫ್ರಾನ್ಸಿನ ವೈದ್ಯ ಒಬರ್ಲಿನ್ 1994ರಲ್ಲಿ ಪ್ರಕಟಿಸಿದರು.

ಕಾಲುವೆಯಲ್ಲಿ ನೀರು ಬರುವ ತನಕ ಗದ್ದೆಯನ್ನು ಹದವಾಗಿ ಇಡುವುದು ರೈತನ ಕೆಲಸ. ನರ ಬರುವ ತನಕ ಕೀಲುಗಳನ್ನು ಮೆತ್ತಗೆ ಇಡುವುದು ರೋಗಿಯ ಮತ್ತು ಮನೆಯವರ ಕೆಲಸ.

ಮಾಡಬೇಕಾದುದು

1. ಮೊದಲ 3-4 ವಾರ ಕೈ ಜೋಳಿಗೆಯಲ್ಲಿರಲಿ. ಹೊಸ ಜೋಡಣೆಗೆ ಎಳೆತ ಬೀಳಬಾರದು.

2. ವೈದ್ಯರು ಅನುಮತಿ ಕೊಟ್ಟ ಮೇಲೆ ಒಳ್ಳೆಯ ಕೈಯಿಂದ ಸೋತ ಕೈಯ ಭುಜ, ಮೊಣಕೈ, ಮಣಿಕಟ್ಟು ಮತ್ತು ಒಂದೊಂದು ಬೆರಳನ್ನೂ ದಿನಕ್ಕೆ ಹಲವು ಸಲ ನಿಧಾನವಾಗಿ ಆಡಿಸಬೇಕು. ಅವರು ಹೇಳಿದ ಎತ್ತರಕ್ಕಿಂತ ಮೇಲೆ ಎತ್ತಬಾರದು. ರೋಗಿಯನ್ನು ಆ ಕೈ ಹಿಡಿದು ಎಬ್ಬಿಸಲೇಬಾರದು.

3. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ತಿಳಿಯದು. ಒಲೆ, ಬಿಸಿ ಪಾತ್ರೆ, ಬೀಡಿಯ ಕಿಡಿಯಿಂದ ದೂರವಿಡಿ. ಸ್ನಾನದ ನೀರನ್ನು ಒಳ್ಳೆಯ ಕೈಯಿಂದ ಮುಟ್ಟಿ ನೋಡಿ. ಪ್ರತಿ ರಾತ್ರಿ ಗಾಯವಿದೆಯೇ ಎಂದು ಪರೀಕ್ಷಿಸಿ.

4. ಸ್ನಾಯು ಮೊದಲ ಬಾರಿ ಮಿಡಿದಾಗ ಹೊಸ ಪಾಠ ಶುರು. ಅಂಗೈಯ ನರ ಜೋಡಿಸಿದ್ದರೆ ಮುಷ್ಟಿ ಬಿಗಿಯುತ್ತಾ ಮೊಣಕೈ ಮಡಿಸಬೇಕು. ಪಕ್ಕೆಲುಬಿನ ನರವಾದರೆ ಉಸಿರನ್ನು ಆಳವಾಗಿ ಎಳೆಯುತ್ತಾ ಮಡಿಸಬೇಕು. ಮೊದಲು ಮೇಜಿನ ಮೇಲೆ ಕೈ ಜಾರಿಸುತ್ತಾ, ಆಮೇಲೆ ಎತ್ತುತ್ತಾ, ಕೊನೆಗೆ ಹಗುರವಾದ ಭಾರ ಹಿಡಿದು. ತಿಂಗಳುಗಟ್ಟಲೆ ಅಭ್ಯಾಸವಾದ ಮೇಲೆ ಮೆದುಳು ಈ ಹೊಸ ದಾರಿಯನ್ನು ಕಲಿಯುತ್ತದೆ.

5. ಉರಿ, ಕರೆಂಟು ಹೊಡೆದಂಥ ನೋವು ಬರಬಹುದು. ಅದು ನೆಪವಲ್ಲ, ಔಷಧವಿದೆ, ವೈದ್ಯರಿಗೆ ಹೇಳಿ. ಫೆನ್ನಿ ಅದಕ್ಕೆ ಮದ್ದಲ್ಲ.

ಆಪರೇಷನ್ನಿನಷ್ಟೇ ಮುಖ್ಯ ಅದರ ಹಿಂದಿನ ತರಬೇತಿ ಎಂಬುದು ಹೊಸ ಮಾತಲ್ಲ. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಮುರುಟಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಆರಂಭಿಸಿದರು. ಅಲ್ಲಿಯೂ ಆಪರೇಷನ್ ಆದ ಮೇಲೆ ಬೆರಳುಗಳಿಗೆ ಕೆಲಸವನ್ನು ಹೊಸದಾಗಿ ಕಲಿಸಬೇಕಾಗಿತ್ತು.

ಐದೂ ಬೇರುಗಳು ಕಿತ್ತುಹೋಗಿದ್ದರೆ ಕೈ ಮೊದಲಿನಂತಾಗುವುದಿಲ್ಲ. ಇದನ್ನು ರೋಗಿಗೆ ಮರೆಮಾಚಬಾರದು. ಆದರೆ ಭುಜ ನಿಂತು ಮೊಣಕೈ ಮಡಿಸಲು ಬಂದರೆ ಚೀಲ ತೂಗುಹಾಕಿಕೊಳ್ಳಬಹುದು, ಕಾಗದ ಒತ್ತಿ ಹಿಡಿಯಬಹುದು, ಮಗುವನ್ನು ಎದೆಗೆ ಒರಗಿಸಿಕೊಳ್ಳಬಹುದು. ದುಡಿಯುವ ಮನೆಗೆ ಇದು ಸಣ್ಣ ಲಾಭವಲ್ಲ.

ಆದುದರಿಂದ ಎರಡು ವರ್ಷದ ಲೆಕ್ಕ ಇಟ್ಟುಕೊಳ್ಳೋಣ. ಗೋಡೆಯ ಕ್ಯಾಲೆಂಡರಿನಲ್ಲಿ ವ್ಯಾಯಾಮ ಮಾಡಿದ ದಿನಕ್ಕೊಂದು ಗುರುತು ಹಾಕಿ. ನಮ್ಮ ನೆರೆಯಲ್ಲಿ ಇಂಥವರಿದ್ದರೆ 'ಕೈ ಬಂತೇ?' ಎಂದು ಕೇಳುವ ಬದಲು 'ಇಂದು ವ್ಯಾಯಾಮ ಆಯಿತೇ?' ಎಂದು ಕೇಳೋಣ.