ಹಿಮದ ಹಾದಿಯಲ್ಲಿ ಹಿಂಚಕ್ರ ಚಾಲನೆಯ ಕಾರು

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ ತಿಂಗಳು ಬಂದಿತೆಂದರೆ ರಸ್ತೆಗಳು ಹಿಮದ ಹೊದಿಕೆಯನ್ನು ಹೊದೆಯುತ್ತವೆ. ಚಳಿಗಾಲವೆಂದು ಅಲ್ಲಿಯ ಜನ ಮನೆಯಲ್ಲಿಯೇ ಕುಳಿತಿರಲಾರರು. ಶಾಲೆ, ಕಚೇರಿ, ಆಸ್ಪತ್ರೆಗಳಿಗೆ ಹೋಗಲೇಬೇಕು. ವೇಗವಿಹಾರಕ್ಕೆಂದು ಕೊಂಡ ಸ್ಪೋರ್ಟ್ಸ್ ಕಾರನ್ನು ಹಲವರು ವಸಂತ ಬರುವವರೆಗೆ ಕೊಟ್ಟಿಗೆಯಲ್ಲಿ ಮುಚ್ಚಿಡುತ್ತಾರೆ. ಕೆಲವರಾದರೋ ಅದನ್ನೇ ಹಿಮದ ಮೇಲೆ ಓಡಿಸುತ್ತಾರೆ. ಇದು ಹುಚ್ಚು ಸಾಹಸವೆ, ಅಥವಾ ತಿಳಿದು ಮಾಡಿದರೆ ಸಾಧ್ಯವಾದ ಕಾರ್ಯವೆ? ಈ ಪ್ರಶ್ನೆಗೆ ಉತ್ತರ ನಮ್ಮ ಪ್ರೌಢಶಾಲೆಯ ಭೌತಶಾಸ್ತ್ರದ ಪಾಠದಲ್ಲಿಯೇ ಇದೆ.

ಮೊದಲು ಕಾರಿನ ಪರಿಚಯವನ್ನು ಮಾಡಿಕೊಳ್ಳೋಣ. ೧೯೮೯ರಲ್ಲಿ ಜಪಾನಿನ ಮಾಜ್ದಾ ಸಂಸ್ಥೆ ಹೊರತಂದ ಎಮ್‌ಎಕ್ಸ್-೫ ಎಂಬ ಇಬ್ಬರ ಕಾರು ಒಳ್ಳೆಯ ಉದಾಹರಣೆ. ಅದರ ಎಂಜಿನ್ ಮುಂದಿದೆ. ಆದರೆ ಎಂಜಿನ್ನಿನ ಶಕ್ತಿ ಉದ್ದನೆಯ ದಂಡದ ಮೂಲಕ ಹಿಂದಿನ ಎರಡು ಚಕ್ರಗಳನ್ನು ಮಾತ್ರ ತಿರುಗಿಸುತ್ತದೆ. ಕಾರಿನ ತೂಕ ಸುಮಾರು ೧,೦೦೦ ಕಿಲೋಗ್ರಾಂ. ಅದು ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದೆ. ಒಣ ರಸ್ತೆಯಲ್ಲಿ ಈ ಏರ್ಪಾಡು ಬಹು ಸೊಗಸಾದುದು. ಮುಂದಿನ ಚಕ್ರಗಳಿಗೆ ದಿಕ್ಕು ತೋರಿಸುವ ಕೆಲಸ, ಹಿಂದಿನವಕ್ಕೆ ತಳ್ಳುವ ಕೆಲಸ. ವೇಗ ಹೆಚ್ಚುವಾಗ ಭಾರ ಹಿಂದಕ್ಕೆ ವಾಲುವುದರಿಂದ ತಳ್ಳುವ ಚಕ್ರಗಳು ನೆಲವನ್ನು ಇನ್ನಷ್ಟು ಬಲವಾಗಿ ಒತ್ತುತ್ತವೆ.

ಘರ್ಷಣೆಯೆಂಬ ಬಂಡವಾಳ

ಕಾರು ಹೊರಡುವುದು, ತಿರುಗುವುದು, ನಿಲ್ಲುವುದು—ಈ ಮೂರೂ ಟೈರು ಮತ್ತು ರಸ್ತೆಗಳ ನಡುವಣ ಘರ್ಷಣೆಯಿಂದಲೇ ನಡೆಯಬೇಕು. ಘರ್ಷಣೆಯ ಗರಿಷ್ಠ ಬಲವನ್ನು ಚಕ್ರದ ಮೇಲಣ ಭಾರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಘರ್ಷಣಾಂಕ. ಒಣಗಿದ ಡಾಂಬರು ರಸ್ತೆಯಲ್ಲಿ ಇದು ಸುಮಾರು ೦.೮; ತುಳಿದು ಗಟ್ಟಿಯಾದ ಹಿಮದ ಮೇಲೆ ೦.೨ರಿಂದ ೦.೩, ನುಣುಪಾದ ಮಂಜುಗಡ್ಡೆಯ ಮೇಲೆ ೦.೧ರ ಆಸುಪಾಸು. ಟೈರು, ಉಷ್ಣತೆಗಳಿಗೆ ತಕ್ಕಂತೆ ಈ ಅಂಕಿಗಳು ವ್ಯತ್ಯಾಸವಾಗುತ್ತವೆ. ಆದರೂ ನಮ್ಮ ಲೆಕ್ಕಕ್ಕೆ ಇವು ಸಾಕು. ಬೇಸಗೆಯಲ್ಲಿ ಎಂಟಾಣೆಯ ಬಂಡವಾಳವಿದ್ದವನ ಕೈಯಲ್ಲಿ ಚಳಿಗಾಲಕ್ಕೆ ಎರಡಾಣೆ ಮಾತ್ರ ಉಳಿದಂತಾಯಿತು.

ಮಂಜುಗಡ್ಡೆ ಇಷ್ಟು ಜಾರುವುದೇತಕ್ಕೆ? ಅದರ ಮೇಲ್ಮೈಯಲ್ಲಿ ನೀರಿನಂತಹ ಅತಿ ತೆಳುವಾದ ಪದರವೊಂದಿರುತ್ತದೆ ಎಂಬ ಅಭಿಪ್ರಾಯವನ್ನು ಮೈಕೆಲ್ ಫ್ಯಾರಡೆ ೧೮೫೦ರಷ್ಟು ಹಿಂದೆಯೇ ಮುಂದಿಟ್ಟಿದ್ದನು. ಈಚಿನ ಪ್ರಯೋಗಗಳು ಅದನ್ನು ಸಮರ್ಥಿಸಿವೆ. ಉಷ್ಣತೆ ಸೊನ್ನೆ ಡಿಗ್ರಿಯ ಹತ್ತಿರವಿರುವಾಗ ಈ ತೇವ ಹೆಚ್ಚು. ಆದುದರಿಂದ ಕಡುಚಳಿಯ ದಿನಕ್ಕಿಂತ, ಹಿಮ ಕರಗಿ ಮತ್ತೆ ಹೆಪ್ಪುಗಟ್ಟುವ ದಿನವೇ ಚಾಲಕನಿಗೆ ಹೆಚ್ಚು ಅಪಾಯಕರ. ಸೇತುವೆಗಳನ್ನು ತಣ್ಣನೆಯ ಗಾಳಿ ಮೇಲಿನಿಂದಲೂ ಕೆಳಗಿನಿಂದಲೂ ತಾಕುವುದರಿಂದ ಅಲ್ಲಿ ಮಂಜುಗಡ್ಡೆ ಇತರ ಕಡೆಗಿಂತ ಮೊದಲೇ ಕಟ್ಟುತ್ತದೆ.

ಹಿಮವನ್ನು ಕಾಣದ ವಾಚಕರೂ ಮಲೆನಾಡಿನ ಮಳೆಗಾಲದ ಅಂಗಳವನ್ನು ನೆನೆಯಬಹುದು. ಪಾಚಿಗಟ್ಟಿದ ಕಲ್ಲಿನ ಮೇಲೆ ಬಲ್ಲವರು ಸಣ್ಣ ಹೆಜ್ಜೆಯಿಟ್ಟು, ಥಟ್ಟನೆ ತಿರುಗದೆ, ಥಟ್ಟನೆ ನಿಲ್ಲದೆ ನಡೆಯುತ್ತಾರೆ. ಹಿಮದ ಮೇಲಣ ಚಾಲನೆಯ ತತ್ತ್ವವೂ ಇದೇ.

ಹೊರಡುವುದು

ನಮ್ಮ ಕಾರಿನ ಹಿಂಚಕ್ರಗಳ ಮೇಲಿರುವ ಭಾರ ೫೦೦ ಕಿಲೋಗ್ರಾಂ. ಘರ್ಷಣಾಂಕ ೦.೨ ಆದರೆ ಆ ಚಕ್ರಗಳು ೧೦೦ ಕಿಲೋಗ್ರಾಂ ತೂಕದಷ್ಟು ಬಲದಿಂದ ಮಾತ್ರ ಕಾರನ್ನು ತಳ್ಳಬಲ್ಲವು. ಇದು ಕಾರಿನ ತೂಕದ ಹತ್ತನೆಯ ಒಂದು ಪಾಲು. ಎಂದರೆ ಹತ್ತು ಅಡಿಗೆ ಒಂದಡಿ ಏರುವ ದಿಣ್ಣೆಯೇ ಅದರ ಮಿತಿ; ಎಂಜಿನ್ ಎಷ್ಟೇ ಬಲಶಾಲಿಯಾಗಿದ್ದರೂ ಅದಕ್ಕಿಂತ ಕಡಿದಾದುದನ್ನು ಹತ್ತಲಾರದು. ತೂಕದಲ್ಲಿ ಹತ್ತರಲ್ಲಿ ಆರು ಪಾಲನ್ನು ಮುಂದೆ ಹೊತ್ತು ಮುಂಚಕ್ರಗಳಿಂದಲೇ ನಡೆಯುವ ಸಾಮಾನ್ಯ ಕಾರಿಗೆ ಅದೇ ಲೆಕ್ಕದಲ್ಲಿ ೧೨೦ ಕಿಲೋಗ್ರಾಂ ಬಲ ದೊರೆಯುತ್ತದೆ. ನಾಲ್ಕೂ ಚಕ್ರಗಳಿಂದ ನಡೆಯುವುದಕ್ಕೆ ೨೦೦.

ಹಿಂಚಕ್ರದ ಕಾರುಗಳೆಲ್ಲವೂ ಒಂದೇ ಬಗೆಯವಲ್ಲ. ಜರ್ಮನಿಯ ಪೋರ್ಷೆ ೯೧೧ರಲ್ಲಿ ಎಂಜಿನ್ ಕೂಡ ಹಿಂದೆಯೇ ಇದ್ದು, ತೂಕದ ಹೆಚ್ಚು ಪಾಲು ತಳ್ಳುವ ಚಕ್ರಗಳ ಮೇಲೆ ಬೀಳುತ್ತದೆ. ಏರು ಹತ್ತುವಾಗ ಭಾರ ಮತ್ತಷ್ಟು ಹಿಂದಕ್ಕೆ ಸರಿದು ಹಿಡಿತವನ್ನು ಹೆಚ್ಚಿಸುತ್ತದೆ. ಜನವರಿಯ ಹಿಮದಲ್ಲಿ ಆಲ್ಪ್ಸ್ ಪರ್ವತದ ಹಾದಿಗಳಲ್ಲಿ ನಡೆಯುವ ಮಾಂಟೆ ಕಾರ್ಲೋ ರ್‍ಯಾಲಿಯನ್ನು ಈ ಕಾರು ಮೂರು ವರ್ಷ ಸತತವಾಗಿ ಗೆದ್ದಿತು: ೧೯೬೮ರಲ್ಲಿ ಇಂಗ್ಲೆಂಡಿನ ವಿಕ್ ಎಲ್ಫರ್ಡ್, ೧೯೬೯ ಮತ್ತು ೧೯೭೦ರಲ್ಲಿ ಸ್ವೀಡನ್ನಿನ ಬ್ಯೋರ್ನ್ ವಾಲ್ಡೆಗಾರ್ಡ್ ಅದನ್ನು ನಡೆಸಿದರು. ಹಿಂಚಕ್ರ ಚಾಲನೆಯೆಂಬ ಮಾತ್ರಕ್ಕೆ ಕಾರು ಹಿಮಕ್ಕೆ ಅಯೋಗ್ಯವಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಹೊರಡುವಾಗಿನ ಇನ್ನೊಂದು ತೊಡಕು ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯದು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಲು ಅದು ಅವಕಾಶ ಕೊಡುತ್ತದೆ. ಆದರೆ ಎರಡು ಚಕ್ರಗಳಿಗೂ ಸಮನಾದ ತಿರುಚುಬಲವನ್ನೇ ಹಂಚುತ್ತದೆ. ಒಂದು ಚಕ್ರ ಮಂಜುಗಡ್ಡೆಯ ಮೇಲೆ ನಿಂತು ಬರಿದೆ ಗಿರಗಿರನೆ ಸುತ್ತಿದರೆ, ಒಣನೆಲದ ಮೇಲಿರುವ ಮತ್ತೊಂದಕ್ಕೂ ಅಷ್ಟೇ ಅಲ್ಪಬಲ ಸಿಕ್ಕುತ್ತದೆ. ಆಗ ಎಂಜಿನ್ನನ್ನು ಗರ್ಜಿಸುವಂತೆ ಮಾಡಿ ಫಲವಿಲ್ಲ. ಸುತ್ತುವ ಚಕ್ರ ಹಿಮವನ್ನು ಉಜ್ಜಿ ಇನ್ನಷ್ಟು ನುಣುಪು ಮಾಡುತ್ತದೆ. ಎರಡನೆಯ ಗೇರಿನಲ್ಲಿ, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಹೊರಡುವುದು ಲೇಸು. ಸಿಕ್ಕಿಬಿದ್ದ ಚಕ್ರದ ಮುಂದೆ ಮರಳು ಎರಚಿದರೆ ಅದು ನಮ್ಮ ಅಂಗಳಕ್ಕೆ ಹಾಸುವ ಅಡಕೆಯ ಸೋಗೆಯ ಕೆಲಸವನ್ನೇ ಮಾಡುತ್ತದೆ.

ತಿರುಗುವುದು

ಟೈರಿನ ಹಿಡಿತ ಒಂದೇ ಥೈಲಿಯ ಹಣ. ಮುಂದಕ್ಕೆ ತಳ್ಳಲು ವೆಚ್ಚ ಮಾಡಿದಷ್ಟೂ ಪಕ್ಕಕ್ಕೆ ಜಾರದಂತೆ ತಡೆಯಲು ಉಳಿಯುವುದು ಕಡಮೆ. ಹಿಂಚಕ್ರದ ಕಾರಿನ ಅಪಾಯವಿರುವುದು ಇಲ್ಲಿಯೇ. ತಿರುವಿನಲ್ಲಿ ಚಾಲಕನು ಆಕ್ಸಿಲರೇಟರನ್ನು ಒತ್ತಿದರೆ ಹಿಂಚಕ್ರಗಳು ತಮ್ಮ ಬಂಡವಾಳವನ್ನೆಲ್ಲ ತಳ್ಳುವುದಕ್ಕೇ ಕಳೆದುಕೊಂಡು ಹೊರಕ್ಕೆ ಜಾರುತ್ತವೆ. ಕಾರಿನ ಬಾಲ ಬೀಸಿ, ಇಡೀ ವಾಹನ ಬುಗುರಿಯಂತೆ ಸುತ್ತುತ್ತದೆ. ಮುಂಚಕ್ರದ ಕಾರಾದರೆ ಇದೇ ತಪ್ಪಿಗೆ ತಿರುಗದೆ ನೆಟ್ಟಗೆ ಹೋಗುತ್ತದೆ. ಅದೂ ಅಪಾಯವೇ, ಆದರೆ ಕಾಲನ್ನು ತೆಗೆದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಹಿಂಚಕ್ರದ ಕಾರಿನಲ್ಲಿ ಥಟ್ಟನೆ ಕಾಲು ತೆಗೆದರೂ ಕೇಡೇ. ಎಂಜಿನ್ನಿನ ತಡೆ ಹಿಂಚಕ್ರಗಳನ್ನೇ ಹಿಡಿದೆಳೆಯುತ್ತದೆ. ಭಾರವೂ ಮುಂದಕ್ಕೆ ವಾಲಿ ಅವುಗಳ ಒತ್ತು ತಗ್ಗುತ್ತದೆ.

ಆದುದರಿಂದ ತಿರುವಿನ ಮೊದಲೇ, ನೆಟ್ಟಗಿರುವ ದಾರಿಯಲ್ಲಿ, ವೇಗವನ್ನು ಇಳಿಸಬೇಕು. ಬಾಲ ಜಾರತೊಡಗಿದರೆ ಅದು ಜಾರುವ ಕಡೆಗೇ ಸ್ಟೀರಿಂಗನ್ನು ತಿರುಗಿಸಿ, ಬ್ರೇಕನ್ನು ಮುಟ್ಟದೆ, ಆಕ್ಸಿಲರೇಟರನ್ನು ಮೆಲ್ಲನೆ ಸಡಿಲಿಸಬೇಕು. ದೃಷ್ಟಿ ಹೋಗಬೇಕಾದ ದಾರಿಯ ಮೇಲಿರಬೇಕು, ಎದುರಿನ ಮರದ ಮೇಲಲ್ಲ. ಈ ಅಭ್ಯಾಸ ಓದಿನಿಂದ ಬರುವುದಿಲ್ಲ. ತೆರವಾದ ವಿಶಾಲ ಬಯಲಿನಲ್ಲಿ ತಿಳಿದವರ ಬಳಿ ಕಲಿಯಬೇಕು.

ನಿಲ್ಲುವುದು

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಬ್ರೇಕು ನಾಲ್ಕು ಚಕ್ರಗಳಿಗೂ ಇದೆ. ಯಾವ ಚಕ್ರಗಳು ತಳ್ಳುತ್ತವೆಯೆಂಬುದಕ್ಕೂ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆಯೆಂಬುದಕ್ಕೂ ಹೆಚ್ಚಿನ ಸಂಬಂಧವಿಲ್ಲ. ವೇಗದ ವರ್ಗವನ್ನು, ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ನಿಲ್ಲುವ ದೂರ ಬರುತ್ತದೆ. ಗಂಟೆಗೆ ೫೦ ಕಿಲೋಮೀಟರ್ ವೇಗದ ಕಾರು ಒಣ ರಸ್ತೆಯಲ್ಲಿ ಸುಮಾರು ೧೨ ಮೀಟರಿನಲ್ಲಿ ನಿಲ್ಲುತ್ತದೆ, ಘರ್ಷಣಾಂಕ ೦.೨ ಇರುವ ಹಿಮದಲ್ಲಿ ೪೯ ಮೀಟರಿಗೆ. ಮಂಜುಗಡ್ಡೆಯ ಮೇಲೆ ೯೮ ಮೀಟರಿಗೆ. ಚಾಲಕನು ಅಪಾಯವನ್ನು ಕಂಡು ಬ್ರೇಕನ್ನು ಒತ್ತುವವರೆಗಿನ ಒಂದು ಸೆಕೆಂಡಿನಲ್ಲಿ ಕಾರು ೧೪ ಮೀಟರ್ ಹೋಗಿರುತ್ತದೆ, ಅದನ್ನೂ ಸೇರಿಸಬೇಕು. ನಾಲ್ಕು ಚಕ್ರಗಳಿಂದ ನಡೆಯುವ ಭಾರಿ ವಾಹನದವನು ಹಿಮದಲ್ಲಿ ಸಲೀಸಾಗಿ ಹೊರಟು, ನಿಲ್ಲುವುದೂ ಅಷ್ಟೇ ಸಲೀಸೆಂದು ಭ್ರಮಿಸಿದರೆ ಮುಂದಿನ ದಾರಿಹೋಕನ ಪ್ರಾಣಕ್ಕೆ ಅಪಾಯ. ಹೊರಡುವಾಗಲೇ ಎಡವುವ ಹಿಂಚಕ್ರದ ಕಾರು ತನ್ನ ಚಾಲಕನಿಗೆ ರಸ್ತೆಯ ಸ್ಥಿತಿಯನ್ನು ಮೊದಲೇ ತಿಳಿಸಿಬಿಡುತ್ತದೆ.

ಟೈರಿನ ಮಹತ್ವ

ಹಾಗಾದರೆ ಘರ್ಷಣಾಂಕವನ್ನು ಹೆಚ್ಚಿಸುವ ಉಪಾಯವುಂಟೆ? ಉಂಟು, ಅದೇ ಚಳಿಗಾಲದ ಟೈರು. ಬೇಸಗೆಯ ಟೈರಿನ ರಬ್ಬರು ಸುಮಾರು ೭ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಪೆಡಸಾಗಿ ಹಿಡಿತವನ್ನು ಕಳೆದುಕೊಳ್ಳತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರು ಕಡುಚಳಿಯಲ್ಲಿಯೂ ಮೆತುವಾಗಿಯೇ ಇರುತ್ತದೆ. ಅದರ ಮೈಮೇಲಣ ಆಳವಾದ ಗಾಲುವೆಗಳೂ ಕೂದಲೆಳೆಯಂತಹ ಸೀಳುಗಳೂ ಹಿಮವನ್ನು ಕಚ್ಚಿ ಹಿಡಿಯುತ್ತವೆ. ಘರ್ಷಣಾಂಕ ೦.೨ರಿಂದ ೦.೩ಕ್ಕೆ ಏರಿದರೂ ಸಾಕು, ೪೯ ಮೀಟರಿನ ದೂರ ೩೩ಕ್ಕೆ ಇಳಿಯುತ್ತದೆ. ಇಂತಹ ಟೈರನ್ನು ನಾಲ್ಕೂ ಚಕ್ರಗಳಿಗೆ ಹಾಕಬೇಕು. ಹಿಂದೆ ಮಾತ್ರ ಹಾಕಿದರೆ ಕಾರು ಹೊರಟೀತೇ ಹೊರತು ತಿರುಗಲಾರದು. ಕ್ವಿಬೆಕ್ ಪ್ರಾಂತ ೨೦೦೮ರಿಂದ ಇದನ್ನು ಕಾನೂನಾಗಿಯೇ ವಿಧಿಸಿದೆ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟವೂ ಅದರೊಳಗೆ ಹಿಮದ ಹರಳೂ ಇರುವ ಗುರುತನ್ನು ನೋಡಿ ಕೊಳ್ಳಬೇಕು.

ಡಿಕ್ಕಿಯಲ್ಲಿ ಮರಳಿನ ಮೂಟೆಯನ್ನು ಇಡುವ ಪದ್ಧತಿಯೂ ಇದೆ. ಅದು ಹೊರಡಲು ನೆರವಾಗುತ್ತದೆ. ಆದರೆ ಬಾಲದ ಭಾರ ಹೆಚ್ಚಿದಷ್ಟೂ ಅದು ಬೀಸತೊಡಗಿದರೆ ತಡೆಯುವುದು ಕಷ್ಟ. ಸ್ಪೋರ್ಟ್ಸ್ ಕಾರಿನ ತಳ ನೆಲದಿಂದ ಒಂದು ಗೇಣಿಗಿಂತ ಹೆಚ್ಚು ಎತ್ತರವಿರುವುದಿಲ್ಲ. ಅದಕ್ಕಿಂತ ಆಳದ ಹೊಸ ಹಿಮದಲ್ಲಿ ಹೊಟ್ಟೆಯೇ ಹಿಮದ ಮೇಲೆ ಕುಳಿತು, ಚಕ್ರಗಳು ನಿರುಪಾಯವಾಗಿ ಸುತ್ತುತ್ತವೆ. ಅಂತಹ ದಿನ ಹೊರಡದಿರುವುದೇ ವಿವೇಕ.

೧೯೭೮ರಲ್ಲಿ ಮರ್ಸಿಡಿಸ್ ಕಾರಿಗೆ ಬಂದ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಲೆಕ್ಟ್ರಾನಿಕ್ ಬ್ರೇಕೂ, ೧೯೯೫ರಲ್ಲಿ ಬಂದ, ಒಂದೊಂದು ಚಕ್ರವನ್ನು ಬೇರೆಬೇರೆಯಾಗಿ ಹಿಡಿದು ಬಾಲ ಬೀಸದಂತೆ ಕಾಯುವ ಏರ್ಪಾಡೂ ಬಹು ಉಪಕಾರಿಗಳು. ಆದರೆ ಇವು ಇದ್ದ ಹಿಡಿತವನ್ನು ಜಾಣತನದಿಂದ ಹಂಚಬಲ್ಲವೇ ಹೊರತು, ಇಲ್ಲದ ಹಿಡಿತವನ್ನು ಸೃಷ್ಟಿಸಲಾರವು.

ಅಭ್ಯಾಸಕ್ಕೆ

ವಿದ್ಯಾರ್ಥಿಗಳು ಮೇಲಿನ ಸೂತ್ರದಿಂದ ತಾವೇ ಲೆಕ್ಕ ಮಾಡಲಿ: ಘರ್ಷಣಾಂಕ ೦.೨ ಇರುವ ರಸ್ತೆಯಲ್ಲಿ ಗಂಟೆಗೆ ೬೦ ಕಿಲೋಮೀಟರ್ ವೇಗದ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ? ವೇಗವನ್ನು ೩೦ಕ್ಕೆ ಇಳಿಸಿದರೆ ಎಷ್ಟು? ಮೊದಲನೆಯದಕ್ಕೆ ಸುಮಾರು ೭೧ ಮೀಟರ್, ಎರಡನೆಯದಕ್ಕೆ ೧೮ ಮೀಟರ್ ಎಂಬ ಉತ್ತರ ಬರಬೇಕು. ವೇಗವನ್ನು ಅರ್ಧ ಮಾಡಿದರೆ ದೂರ ಕಾಲುಭಾಗವಾಯಿತೇಕೆ ಎಂಬುದನ್ನು ವಿವರಿಸಿರಿ.