ನಮ್ಮ ಮನೆಗೆ ಯಾವ ಕಾರು? (ಪೆಟ್ಟಿಗೆ ಎಣಿಸುವ ಪಾಠ)

ಒಂದು ಕಾರನ್ನು ಬದಿಯಿಂದ ನೋಡಿ ಚಿತ್ರ ಬರೆಯಿರಿ. ಬಣ್ಣ ಬೇಡ, ಕಂಪೆನಿಯ ಹೆಸರೂ ಬೇಡ. ಬರೇ ಹೊರಗಿನ ಗೆರೆ ಸಾಕು. ಈಗ ಆ ಗೆರೆಯೊಳಗೆ ಎಷ್ಟು ಪೆಟ್ಟಿಗೆ ಉಂಟು ಎಂದು ಎಣಿಸಿ. ಮುಂದೆ ಇಂಜಿನ್ ಇರುವ ಪೆಟ್ಟಿಗೆ, ನಡುವೆ ಜನ ಕೂರುವ ಪೆಟ್ಟಿಗೆ, ಹಿಂದೆ ಸಾಮಾನಿನ ಪೆಟ್ಟಿಗೆ. ಮೂರೂ ಬೇರೆ ಬೇರೆಯಾಗಿ ಕಂಡರೆ ಅದು ಸೆಡಾನ್. ಹಿಂದಿನದು ನಡುವಿನದರ ಜೊತೆ ಸೇರಿ ಎರಡೇ ಕಂಡರೆ ಹ್ಯಾಚ್‌ಬ್ಯಾಕ್. ಮುಂದಿನದೂ ಸೇರಿಹೋಗಿ ಒಂದೇ ಪೆಟ್ಟಿಗೆಯಾದರೆ ಓಮ್ನಿಯಂಥ ವ್ಯಾನ್. ಜೀಪು, ಎಸ್‌ಯುವಿ ಎನ್ನುವುದು ಎರಡು ಪೆಟ್ಟಿಗೆಯದೇ, ಆದರೆ ಎತ್ತರದ ಕಾಲಿನ ಮೇಲೆ ನಿಂತದ್ದು. ಇಷ್ಟು ಗೊತ್ತಾದರೆ ಮಲ್ಪೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೋಗುವ ಬರುವ ಯಾವ ಕಾರಿನ ಜಾತಿಯನ್ನೂ ಹೇಳಬಹುದು.

ನನಗೆ ಈ ಲೆಕ್ಕ ಬೇಕಾದದ್ದು ನಮ್ಮ ಅಜ್ಜಿಗಾಗಿ. ಅಜ್ಜಿಗೆ ಕಿಡ್ನಿಯ ಕಾಯಿಲೆ. ವಾರಕ್ಕೆ ಎರಡು ಸಲ ಮಣಿಪಾಲಕ್ಕೆ ಡಯಾಲಿಸಿಸ್‌ಗೆ ಹೋಗ್ಲಿಕ್ಕುಂಟು. ಈಗ ರಿಕ್ಷಾದಲ್ಲಿ ಹೋಗುತ್ತಾರೆ. ಹೋಗುವಾಗ ಅಡ್ಡಿಲ್ಲ, ಬರುವಾಗ ಸುಸ್ತಾಗಿ ತಲೆ ತಿರುಗುತ್ತದೆ. ಮಳೆಗಾಲದಲ್ಲಿ ಎರಡೂ ಬದಿಯಿಂದ ಇರಚಲು ಬೇರೆ. ಅಪ್ಪ ಬೋಟಿಗೆ ಹೋಗುವವರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಎಂದು ನಿಮಗೆಲ್ಲ ಗೊತ್ತೇ ಉಂಟು. ಆ ಎರಡು ತಿಂಗಳಿಗೆ ತೆಗೆದಿಟ್ಟು ಉಳಿದ ಹಣದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ. ಒಂದೇ. ಅದು ಸರಿಯಾಗದಿದ್ದರೆ ಇನ್ನೊಂದು ತರಲಿಕ್ಕೆ ಹಣ ಇಲ್ಲ.

ಮನೆಯಲ್ಲಿ ಮೂರು ದಿನ ಚರ್ಚೆ ಆಯಿತು. (ಚರ್ಚೆ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.) ಚಿಕ್ಕಪ್ಪ, "ತರುದಾದ್ರೆ ದೊಡ್ಡ ಗಾಡಿಯೇ ತರುವ, ನೋಡಿದವರು ಎಂತ ಹೇಳ್ಬೇಕು!" ಎಂದರು. ಮಾವ, "ಓಮ್ನಿ ಸಾಕು ಭಾವ, ಜನವೂ ಆಯ್ತು, ಮೀನೂ ಆಯ್ತು" ಎಂದರು. ಅಮ್ಮ ಮಾತ್ರ, "ಮೊದ್ಲು ಅತ್ತೆಗೆ ಹತ್ತಿ ಇಳಿಲಿಕ್ಕೆ ಆಗ್ತದಾ ನೋಡಿ" ಎಂದು ಹೇಳಿ ಒಳಗೆ ಹೋದರು. ನನಗೆ ಅಮ್ಮನ ಪ್ರಶ್ನೆಯೇ ಪಾಠದ ಪ್ರಶ್ನೆ ಎಂದು ಕಂಡಿತು. ಆದರೂ ಒಂದೊಂದನ್ನೇ ನೋಡುವ.

ನಮ್ಮ ಹಿರಿಯರಿಗೆ ಕಾರು ಎಂದರೆ ಸೆಡಾನೇ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎರಡೂ ಮೂರು ಪೆಟ್ಟಿಗೆಯವು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಸೆಡಾನಿನ ದೊಡ್ಡ ಗುಣ ಡಿಕ್ಕಿ. ಡಿಕ್ಕಿಗೂ ಜನ ಕೂರುವ ಜಾಗಕ್ಕೂ ನಡುವೆ ಸೀಟು, ತಗಡು ಅಡ್ಡ ಇರುತ್ತದೆ. ಮದುವೆ ಮನೆಗೆ ಅಂಜಲ್ ಕೊಂಡುಹೋಗುವಾಗ ಐಸ್ ಕರಗಿದ ನೀರಿನ ವಾಸನೆ ಮೂಗಿಗೆ ಅಷ್ಟಾಗಿ ಹೊಡೆಯುವುದಿಲ್ಲ. ಹ್ಯಾಚ್‌ಬ್ಯಾಕಿನಲ್ಲಿ ಆ ಅಡ್ಡ ಗೋಡೆ ಇಲ್ಲ, ಹಿಂದೆ ಇಟ್ಟ ಬಂಗುಡೆ ಮುಂದೆ ಕೂತವರ ಜೊತೆಯೇ ಪ್ರಯಾಣ ಮಾಡುತ್ತದೆ.

ಈಗಿನ ಚಿಕ್ಕ ಸೆಡಾನುಗಳ ಬಾಲ ಕತ್ತರಿಸಿದ ಹಾಗೆ ಮೊಂಡಾಗಿ ಇರುವುದು ಯಾಕೆ, ಗೊತ್ತೇ? ಇದಕ್ಕೆ ಕಾರಣ ಚೆಂದ ಅಲ್ಲ, ತೆರಿಗೆ. 2006ರ ಕೇಂದ್ರ ಬಜೆಟ್‌ನಲ್ಲಿ 4 ಮೀಟರಿಗಿಂತ ಉದ್ದ ಇಲ್ಲದ, ಚಿಕ್ಕ ಇಂಜಿನಿನ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಕೂಡಲೇ ಕಂಪೆನಿಗಳು ಟೇಪು ಹಿಡಿದವು. 2008ರಲ್ಲಿ ಟಾಟಾ ಇಂಡಿಗೊ ಸಿಎಸ್ 4 ಮೀಟರಿನ ಒಳಗೆ ಬಂತು. ಅದೇ ವರ್ಷ ಬಂದ ಮಾರುತಿ ಡಿಸೈರ್ ಮೊದಲು 4 ಮೀಟರ್ ದಾಟಿತ್ತು, 2012ರಲ್ಲಿ ಅದರ ಹಿಂಭಾಗವನ್ನು ಗಿಡ್ಡ ಮಾಡಿ 3995 ಮಿಲಿಮೀಟರಿಗೆ ತಂದರು. 4 ಮೀಟರಿಗೆ 5 ಮಿಲಿಮೀಟರ್ ಕಡಿಮೆ! ಇಂದಿಗೂ ಆ ಗೆರೆ ಹಾಗೆಯೇ ಉಂಟು. 2025ರ ಸೆಪ್ಟೆಂಬರ್ 22ರಿಂದ ಹೊಸ ಚಿಕ್ಕ ಕಾರಿಗೆ ಜಿಎಸ್‌ಟಿ ಶೇಕಡಾ 18, ಗೆರೆ ದಾಟಿದ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇಕಡಾ 40. ನಾವು ತರುವುದು ಹಳೆಯದು, ಆದರೂ ರಸ್ತೆಯಲ್ಲಿ ಯಾವ ಆಕಾರದ ಕಾರು ಜಾಸ್ತಿ ಸಿಗುತ್ತದೆ ಎಂಬುದನ್ನು ಈ ಗೆರೆಯೇ ತೀರ್ಮಾನ ಮಾಡಿದೆ.

ಹ್ಯಾಚ್‌ಬ್ಯಾಕ್ ಎಂಬ ಹೆಸರು ಮಲ್ಪೆಯವರಿಗೆ ಹೊಸತಾಗಬಾರದು. ಹ್ಯಾಚ್ ಎಂದರೆ ಹಡಗಿನಲ್ಲಿ ಮೇಲಿನಿಂದ ಕೆಳಗಿನ ಉಗ್ರಾಣಕ್ಕೆ ಇಳಿಯುವ ಬಾಯಿ, ಅದರ ಮುಚ್ಚಳ. ಕಾರಿನ ಹಿಂದೆ ಗಾಜು ಸಮೇತ ಮೇಲಕ್ಕೆ ಏಳುವ ಬಾಗಿಲು ಆ ಮುಚ್ಚಳದ ಹಾಗೆ. 1983ರಲ್ಲಿ ಬಂದ ಮಾರುತಿ 800 ಈ ಜಾತಿಯದ್ದು. ಇದರ ಗುಣ ಏನೆಂದರೆ ಹಿಂದಿನ ಸೀಟು ಮಡಚಿದರೆ ಜನರ ಜಾಗವೂ ಸಾಮಾನಿನ ಜಾಗವಾಗುತ್ತದೆ. ಚಿಕ್ಕ ಸೆಡಾನುಗಳಲ್ಲಿ ಹೆಚ್ಚಾಗಿ ಆ ಸೀಟು ಮಡಚುವುದಿಲ್ಲ.

ಇಲ್ಲೊಂದು ಲೆಕ್ಕ ಮಾಡಿದೆ. ಕಂಪೆನಿಯ ಪ್ರಕಾರ 2017ರ ಡಿಸೈರ್‌ನ ಡಿಕ್ಕಿ 378 ಲೀಟರ್, 2019ರ ವ್ಯಾಗನ್ ಆರ್ ಎಂಬ ಎತ್ತರದ ಹ್ಯಾಚ್‌ಬ್ಯಾಕಿನದು 341 ಲೀಟರ್. ವ್ಯತ್ಯಾಸ 37 ಲೀಟರ್. ನಮ್ಮ ಬಚ್ಚಲಿನ ಬಕೆಟ್ 15 ಲೀಟರಿನದು, ಅಂದರೆ ಎರಡೂವರೆ ಬಕೆಟ್. ಉದ್ದದ ವ್ಯತ್ಯಾಸ ನೋಡಿ: 3995ರಲ್ಲಿ 3655 ಕಳೆದರೆ 340 ಮಿಲಿಮೀಟರ್, ನಮ್ಮ ಕಂಪಾಸ್ ಪೆಟ್ಟಿಗೆಯಲ್ಲಿ ಹಿಡಿಯದ ದೊಡ್ಡ ಸ್ಕೇಲಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಓಣಿ ಬಾವಿಕಟ್ಟೆಯ ಹತ್ತಿರ ಮುರಿದ ಮೊಣಕೈ ಹಾಗೆ ತಿರುಗುತ್ತದೆ. ಅಲ್ಲಿ ಒಂದು ಸ್ಕೇಲ್ ಉದ್ದ ಅಂದರೆ ಕಡಿಮೆ ಅಲ್ಲ, ಕಾಂಪೌಂಡಿಗೆ ತಾಗುವುದೂ ತಾಗದೆ ಇರುವುದೂ ಅಷ್ಟರಲ್ಲೇ. ಎರಡೂವರೆ ಬಕೆಟ್ ಜಾಗಕ್ಕಾಗಿ ದಿನಾ ಆ ತಿರುವಿನಲ್ಲಿ ಹಿಂದೆ ಮುಂದೆ ಮಾಡುವುದು ನಮಗೆ ಬೇಡ ಎಂದು ನನ್ನ ಅಭಿಪ್ರಾಯ. ಸಿಎನ್‌ಜಿ ಕಾರಾದರೆ ಇನ್ನೊಂದು ವಿಷಯ: ಹೆಚ್ಚಿನವುಗಳಲ್ಲಿ ಸಿಲಿಂಡರ್ ಡಿಕ್ಕಿಯಲ್ಲೇ ಕೂರುತ್ತದೆ. ಆಗ ಲೀಟರಿನ ಲೆಕ್ಕ ಕಾಗದದ ಮೇಲೆ ಮಾತ್ರ.

ಮಾವನ ಓಮ್ನಿಗೆ ಬರುವ. ಓಮ್ನಿ ನಮ್ಮ ಕಡೆ ಶಾಲೆಯ ಮಕ್ಕಳನ್ನು ಹೊತ್ತಿದೆ, ಆಂಬುಲೆನ್ಸ್ ಆಗಿದೆ. ಜಾರುವ ಬಾಗಿಲು ಇರುವುದರಿಂದ ಇಕ್ಕಟ್ಟಿನ ಓಣಿಯಲ್ಲಿ ಗೋಡೆಗೆ ತಾಗಿಸಿ ನಿಲ್ಲಿಸಿದರೂ ಇಳಿಯಬಹುದು. ಇದು ನಿಜವಾದ ಗುಣ, ಮಾವನ ಮಾತು ಸುಮ್ಮನೆ ಅಲ್ಲ. ಆದರೆ ಅದು ಒಂದೇ ಪೆಟ್ಟಿಗೆ. ಇಂಜಿನ್ ಮುಂದಿನ ಸೀಟಿನ ಅಡಿಯಲ್ಲಿ. ಎದುರಿನಿಂದ ಏನಾದರೂ ಬಂದು ಗುದ್ದಿದರೆ ಮೊದಲು ಜಜ್ಜಿಹೋಗಲಿಕ್ಕೆ ಬಾನೆಟ್ ಇಲ್ಲ, ಡ್ರೈವರನ ಕಾಲೇ ಮೊದಲು. ಬಾನೆಟ್ ಇರುವ ಕಾರಿನಲ್ಲಿ ಮುಂದಿನ ತಗಡು ಮುದುಡಿಕೊಂಡು ಪೆಟ್ಟಿನ ಶಕ್ತಿಯನ್ನು ಸ್ವಲ್ಪ ತಿನ್ನುತ್ತದೆ. 1984ರಿಂದ ಬಂದ ಓಮ್ನಿಯನ್ನು 2019ರಲ್ಲಿ ನಿಲ್ಲಿಸಿದ್ದು ಹೊಸ ಸುರಕ್ಷತಾ ನಿಯಮಕ್ಕೆ ಅದು ಹೊಂದುವುದಿಲ್ಲ ಎಂದೇ. ಕರಾವಳಿ ಜಂಕ್ಷನ್ನಿನಲ್ಲಿ ಹೆದ್ದಾರಿ ದಾಟುವಾಗ ಲಾರಿಗಳು ಬರುವ ವೇಗ ನೋಡಿದ ಮೇಲೆ ಅಪ್ಪ, "ಓಮ್ನಿ ಬೇಡ" ಎಂದುಬಿಟ್ಟರು.

ಏಳು ಜನ ಕೂರುವ ಗಾಡಿಗಳೂ ಉಂಟು. ಹಿಂದೆ ಟಾಟಾ ಸುಮೊ ಇತ್ತು, 1994ರಿಂದ 2019ರವರೆಗೆ. (ಆ ಹೆಸರು ಜಪಾನಿನ ಪೈಲ್ವಾನರದ್ದಲ್ಲ. ಸುಮಂತ್ ಮೂಳ್‌ಗಾಂವ್ಕರ್ ಎಂಬ ಟಾಟಾ ಕಂಪೆನಿಯ ಹಿರಿಯರ ಹೆಸರಿನ ಮೊದಲ ಅಕ್ಷರಗಳು.) ಈಗ ಎರ್ಟಿಗಾದಂಥವು. ಇವುಗಳಲ್ಲಿ ಒಂದು ಗುಟ್ಟು ಉಂಟು: ಏಳೂ ಜನ ಕೂತರೆ ಎರ್ಟಿಗಾದಲ್ಲಿ ಸಾಮಾನಿಗೆ ಉಳಿಯುವುದು 209 ಲೀಟರ್. ಚಿಕ್ಕ ವ್ಯಾಗನ್ ಆರ್‌ಗಿಂತ ಕಡಿಮೆ! ನಾವು ಏಳು ಜನ ಒಟ್ಟಿಗೆ ಹೋಗುವುದು ವರ್ಷಕ್ಕೆ ನಾಲ್ಕೈದು ಸಲ, ಅಜ್ಜಿ ಹೋಗುವುದು ನೂರ ನಾಲ್ಕು ಸಲ.

ಇನ್ನು ಚಿಕ್ಕಪ್ಪನ ದೊಡ್ಡ ಗಾಡಿ. ಮಳೆಗಾಲದಲ್ಲಿ ರಸ್ತೆಯಲ್ಲಿ ನೀರು ನಿಂತಾಗ ಎತ್ತರದ ಗಾಡಿ ಒಳ್ಳೆಯದು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಎಸ್‌ಯುವಿ ಎಂದು ಹೆಸರಿಟ್ಟ ಎಷ್ಟೋ ಚಿಕ್ಕ ಕಾರುಗಳು ಎತ್ತರ ಮಾಡಿದ ಹ್ಯಾಚ್‌ಬ್ಯಾಕ್‌ಗಳೇ. ಇಂಜಿನ್ ತಿರುಗಿಸುವುದು ಮುಂದಿನ ಎರಡು ಚಕ್ರವನ್ನು ಮಾತ್ರ. ನೋಡಲಿಕ್ಕೆ ಜೀಪಿನ ಹಾಗೆ ಉಂಟೆಂದು ಬೀಚಿನ ಸಡಿಲ ಮರಳಿಗೆ ಇಳಿಸಿದರೆ ಹೂತುಹೋಗುತ್ತದೆ. ಮತ್ತೊಂದು, ಗುರುತ್ವ ಕೇಂದ್ರ. ಬೋಟಿನಲ್ಲಿ ಐಸೂ ಮೀನೂ ಕೆಳಗಿನ ಉಗ್ರಾಣದಲ್ಲಿ ತುಂಬುವುದು ಯಾಕೆ? ಭಾರ ಕೆಳಗಿದ್ದರೆ ಓಲಾಟ ಕಡಿಮೆ. ಕಾರಿಗೂ ಅದೇ ನಿಯಮ. ನಮ್ಮ ಮಲ್ಪೆಯಿಂದ ತೀರ್ಥಹಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಆಗುಂಬೆ ಘಾಟಿ ಹತ್ತುತ್ತದೆ. ಅಲ್ಲಿಯ 14 ಹೇರ್‌ಪಿನ್ ತಿರುವುಗಳಲ್ಲಿ ತಗ್ಗಿನ ಸೆಡಾನ್ ನೆಲ ಕಚ್ಚಿಕೊಂಡು ತಿರುಗುತ್ತದೆ, ಎತ್ತರದ ಗಾಡಿಯಲ್ಲಿ ಹಿಂದೆ ಕೂತವರು ಒಬ್ಬರ ಮೇಲೆ ಒಬ್ಬರು ವಾಲುತ್ತಾರೆ.

ಈಗ ಅಮ್ಮನ ಪ್ರಶ್ನೆ. ಇದಕ್ಕೊಂದು ಪ್ರಯೋಗ ಹೇಳುತ್ತೇನೆ, ನೀವೂ ಮಾಡಿ. ಒಂದನೆಯ ತರಗತಿಯ ಗಿಡ್ಡ ಬೆಂಚಿನಲ್ಲಿ ಕೂತು ಕೈ ಊರದೆ ಏಳಿ. ಆಮೇಲೆ ಮಾಷ್ಟ್ರ ಕುರ್ಚಿಯಿಂದ (ಕೇಳಿಯೇ ಕೂರಿ) ಹಾಗೆಯೇ ಏಳಿ. ಬೆಂಚಿನಿಂದ ಏಳುವಾಗ ತೊಡೆ ಎಷ್ಟು ಬಿಗಿಯುತ್ತದೆ ಗೊತ್ತಾಗುತ್ತದೆ. ಸೀಟು ತಗ್ಗಾದರೆ ಸೊಂಟ ಮೊಣಕಾಲಿಗಿಂತ ಕೆಳಗೆ ಹೋಗುತ್ತದೆ, ಮೈಯ ಭಾರವನ್ನೆಲ್ಲ ತೊಡೆಯೇ ಎತ್ತಬೇಕು. ನಮಗೆ ಅದು ಆಟ. ಅಜ್ಜಿಗೆ ಆಗುವುದಿಲ್ಲ.

ಕೈ ಹಿಡಿದು ಎಳೆದುಕೊಂಡು ಹತ್ತಬಹುದಲ್ಲ ಎನ್ನಬೇಡಿ. ಡಯಾಲಿಸಿಸ್‌ಗಾಗಿ ಅಜ್ಜಿಯ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದಾರೆ. ಅದಕ್ಕೆ ಫಿಸ್ಟುಲಾ ಎಂದು ಹೆಸರು. ಮುಟ್ಟಿದರೆ ಒಳಗೆ ಜುಂಯ್ ಎಂದು ರಕ್ತ ಓಡುವುದು ಬೆರಳಿಗೆ ಗೊತ್ತಾಗುತ್ತದೆ. ಆ ಕೈಯಿಂದ ಭಾರ ಎತ್ತಬಾರದು, ಜೋತಾಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಮೆಟ್ಟಿಲು ಹತ್ತಿ, ಹಿಡಿ ಹಿಡಿದು ನೇತಾಡಿ ಏರುವ ಗಾಡಿ ಎಷ್ಟು ಚೆಂದ ಇದ್ದರೂ ನಮಗೆ ಆಗುವುದಿಲ್ಲ.

ಹಾಗಾದರೆ ಎಷ್ಟು ಎತ್ತರ ಸರಿ? ಅಜ್ಜಿ ದಿನಾ ಸಂಜೆ ಏನೂ ಹಿಡಿಯದೆ ಕೂತು ಏಳುವ ಜಾಗ ಒಂದುಂಟು, ನಮ್ಮ ಮನೆಯ ಜಗಲಿ. ಅಳೆದೆ: 54 ಸೆಂಟಿಮೀಟರ್. ಆಮೇಲೆ ನೆರೆಕರೆಯವರ ಕಾರುಗಳನ್ನು ಅವರ ಅಪ್ಪಣೆ ಪಡೆದು ಅಳೆದೆ, ನೆಲದಿಂದ ಹಿಂದಿನ ಸೀಟಿನ ಅಂಚಿಗೆ. ಒಂದು ಸೆಡಾನ್ 49, ಒಂದು ಎತ್ತರದ ಹ್ಯಾಚ್‌ಬ್ಯಾಕ್ 60, ಒಂದು ಜೀಪಿನಂಥ ಗಾಡಿ 80. ಸೆಡಾನ್ ಜಗಲಿಗಿಂತ ಬರೇ ಮೂರು ಬೆರಳು ತಗ್ಗು, ಆದರೆ ಅದರ ಮಾಡು ಹಿಂದಕ್ಕೆ ಇಳಿಜಾರು. ತಲೆ ಬಗ್ಗಿಸಿಕೊಂಡೇ ಕೂರಬೇಕು, ಬಗ್ಗಿದರೆ ಅಜ್ಜಿಗೆ ತಲೆ ತಿರುಗುತ್ತದೆ. ಹ್ಯಾಚ್‌ಬ್ಯಾಕಿನಲ್ಲಿ ಬೆನ್ನು ತಿರುಗಿಸಿ ಕೂತು, ಮತ್ತೆ ಕಾಲು ಒಂದೊಂದಾಗಿ ಒಳಗೆ ತಂದರು. "ಇದು ಜಗಲಿಯ ಹಾಗೆಯೇ ಉಂಟಲ್ಲ" ಎಂದರು. ಜೀಪಿನಂಥದ್ದನ್ನು ನೋಡಿಯೇ ನಕ್ಕರು.

ಆಕಾರ ತೀರ್ಮಾನವಾದರೂ ನಮ್ಮ ಊರಿನಲ್ಲಿ ಇನ್ನೊಂದು ಪರೀಕ್ಷೆ ಬಾಕಿ, ಉಪ್ಪುಗಾಳಿ. ಮೀನಿಗೂ ಏಡಿಗೂ ಇರುವ ವ್ಯತ್ಯಾಸ ನೆನಪು ಮಾಡಿಕೊಳ್ಳಿ. ಮೀನಿಗೆ ಮುಳ್ಳು ಒಳಗೆ. ಏಡಿಗೆ ಚಿಪ್ಪೇ ಎಲುಬು. ಸುಮೊ, ಬೊಲೆರೊದಂಥ ಗಾಡಿ ಮೀನಿನ ಹಾಗೆ, ಅಡಿಯಲ್ಲಿ ಗಟ್ಟಿ ಕಬ್ಬಿಣದ ಚೌಕಟ್ಟು, ಮೇಲೆ ಬಾಡಿ ಕೂರಿಸಿದ್ದು. ಹ್ಯಾಚ್‌ಬ್ಯಾಕ್, ಸೆಡಾನ್ ಏಡಿಯ ಹಾಗೆ, ತಗಡಿನ ಬಾಡಿಯೇ ಎಲ್ಲ ಭಾರ ಹೊರುವುದು. ಆದ್ದರಿಂದ ಅವುಗಳ ನೆಲದ ತಗಡು, ಬಾಗಿಲಿನ ಕೆಳಗಿನ ಪಟ್ಟಿ ತುಕ್ಕು ಹಿಡಿದರೆ ಬಣ್ಣ ಬಳಿದು ಮುಚ್ಚಿದರೂ ಬಲ ಹೋಯಿತು ಎಂದೇ ಲೆಕ್ಕ. ಸೆಕೆಂಡ್ ಹ್ಯಾಂಡ್ ನೋಡುವಾಗ ಮ್ಯಾಟ್ ಎತ್ತಿ ನೋಡಬೇಕು, ಡಿಕ್ಕಿಯಲ್ಲಿ ಸ್ಟೆಪ್ನಿ ಚಕ್ರ ತೆಗೆದು ಅದರ ಗುಂಡಿ ನೋಡಬೇಕು. ಹಿಂದಿನ ಯಜಮಾನ ಮೀನು ಸಾಗಿಸಿದ್ದರೆ ಉಪ್ಪುನೀರು ಇಳಿದು ನಿಲ್ಲುವುದು ಅಲ್ಲೇ. ಅದಕ್ಕೇ ಅಪ್ಪ ಈಗಲೇ ಹೇಳಿದ್ದಾರೆ, ಮೀನು ಏನಿದ್ದರೂ ಟೆಂಪೊದಲ್ಲಿ, ಕಾರಿನಲ್ಲಿ ಒಂದು ಬೂತಾಯಿಯೂ ಬರಬಾರದು ಎಂದು.

ಬರುವ ಭಾನುವಾರ ಕಾಪುವಿನಲ್ಲಿ ಒಂದು ಎತ್ತರದ ಹ್ಯಾಚ್‌ಬ್ಯಾಕ್ ನೋಡಲಿಕ್ಕೆ ಹೋಗುತ್ತೇವೆ. ಅಪ್ಪ ಟಾರ್ಚ್ ಹಿಡಿದುಕೊಳ್ಳುತ್ತಾರೆ, ನಾನು ಟೇಪು. ಮೊದಲು ಅಜ್ಜಿ ಕೂತು ನೋಡುವುದು, ಇಂಜಿನ್ ಆಮೇಲೆ. ಚಿಕ್ಕಪ್ಪ ಬರುವುದಿಲ್ಲ ಎಂದಿದ್ದಾರೆ, ಆದರೆ ಬಣ್ಣ ಯಾವುದು ಎಂದು ನಿನ್ನೆಯಿಂದ ಎರಡು ಸಲ ಕೇಳಿದ್ದಾರೆ.